ಮೆಕ್ಯಾನಿಕ್ ಮುಗಿಸಿದ ಕಾರ್ಬ್ಯುರೇಟರ್

ಎಂಬತ್ತರ ದಶಕದಲ್ಲಿ ಬೆಳಿಗ್ಗೆ ಎಂಟೂವರೆಗೆ ಪುಣೆಯಲ್ಲಾಗಲಿ, ಹೈದರಾಬಾದಿನಲ್ಲಾಗಲಿ, ಹುಬ್ಬಳ್ಳಿಯಲ್ಲಾಗಲಿ, ವಠಾರದ ಮುಂದೆ ಕಾಣುತ್ತಿದ್ದ ನೋಟ ಒಂದೇ. ಆಫೀಸಿಗೆ ಹೊರಟವರು ಸ್ಕೂಟರನ್ನು ಸ್ಟ್ಯಾಂಡಿನಿಂದ ಇಳಿಸಿ ಒಂದು ಪಕ್ಕಕ್ಕೆ ಪೂರ್ತಿ ವಾಲಿಸುತ್ತಿದ್ದರು. ಎರಡು ಕ್ಷಣ ಹಾಗೇ ಹಿಡಿದು, ನೆಟ್ಟಗೆ ಮಾಡಿ, ಕಿಕ್ ಹೊಡೆಯುತ್ತಿದ್ದರು. ಹತ್ತದಿದ್ದರೆ ಮತ್ತೆ ವಾಲಿಸುವುದು, ಮತ್ತೆ ಕಿಕ್. ಕಂಪನಿ ಕೊಡುವ ಪುಸ್ತಕ ಓದಿ ಇದನ್ನು ಕಲಿತವರು ಕಡಿಮೆ. ಅಪ್ಪನನ್ನು ನೋಡಿ ಮಗ, ಪಕ್ಕದ ಮನೆಯವರನ್ನು ನೋಡಿ ಹೊಸದಾಗಿ ಗಾಡಿ ಕೊಂಡವರು ಕಲಿತ ವಿದ್ಯೆ ಇದು.

ಆ ವಾಲಿಸುವಿಕೆಯ ಗುರಿ ಎಂಜಿನ್ ಮೇಲೆ ತಗಡಿನ ಡಬ್ಬಿಯೊಳಗೆ ಕೂತಿದ್ದ, ಅಂಗೈ ಅಗಲದ ಒಂದು ಲೋಹದ ತುಂಡು. ಪಕ್ಕದ ಕವಚ ತೆಗೆದು, ಡಬ್ಬಿಯ ಮುಚ್ಚಳದ ಎರಡು ಸ್ಕ್ರೂ ಬಿಚ್ಚಿದರೆ ಅದು ಕಾಣುತ್ತದೆ. ವಾಲಿಸಿದಾಗ ಅದರ ಬಟ್ಟಲಿನ ಪೆಟ್ರೋಲ್ ತುಳುಕಿ ಸ್ವಲ್ಪ ಗಂಟಲಿಗೆ ಇಳಿಯುತ್ತದೆ, ತಣ್ಣಗಿರುವ ಎಂಜಿನ್ ಬೇಗ ಸ್ಟಾರ್ಟ್ ಆಗುತ್ತದೆ. ಇದೇ ಕಾರ್ಬ್ಯುರೇಟರ್. ಇಟಲಿಯಲ್ಲಿ ಹುಟ್ಟಿದ ಈ ವಸ್ತು ಲೈಸೆನ್ಸಿನ ಮೇಲೆ ಭಾರತದಲ್ಲಿ ತಯಾರಾಯಿತು. ಆಮೇಲೆ ಯುರೋಪಿನ ಹಳೆ ಸ್ಕೂಟರ್ ಪ್ರಿಯರ ಪಾಲಿಗೆ 'ಅಗ್ಗದ ಬದಲಿ'ಯೂ ಆಯಿತು. ಅದರ ಕಥೆಯಲ್ಲಿ ಕಾರ್ಖಾನೆಯವರ ಹೆಸರು ಸುಲಭವಾಗಿ ಸಿಗುತ್ತದೆ. ಅದನ್ನು ಕೊನೆಗೆ ಸರಿಯಾಗಿ ಕೆಲಸ ಮಾಡುವಂತೆ ಮಾಡಿದವರ ಹೆಸರು ಎಲ್ಲೂ ಬರೆದಿಲ್ಲ.

ಕಣಜದ ಗಂಟಲು

ಎರಡನೇ ಮಹಾಯುದ್ಧ ಮುಗಿದಾಗ ಇಟಲಿಯ ಪಿಯಾಜಿಯೋ ಕಂಪನಿಗೆ ವಿಮಾನ ತಯಾರಿಸುವ ಕೆಲಸ ಉಳಿದಿರಲಿಲ್ಲ. ಪೊಂಟೆಡೆರಾದ ಕಾರ್ಖಾನೆ ಬಾಂಬಿಗೆ ಸಿಕ್ಕಿತ್ತು. ಜನರಿಗೆ ಓಡಾಡಲು ಕಡಿಮೆ ಬೆಲೆಯ ವಾಹನ ಬೇಕಿತ್ತು. ಕೊರಾದಿನೋ ದಾಸ್ಕಾನಿಯೋ ಎಂಬ ವಿಮಾನ ಎಂಜಿನಿಯರ್ ಆ ವಾಹನವನ್ನು ರೂಪಿಸಿದರು. ಅವರಿಗೆ ಮೋಟಾರ್ ಸೈಕಲ್ ಕಂಡರೆ ಆಗುತ್ತಿರಲಿಲ್ಲ: ಬಟ್ಟೆ ಕೊಳೆ, ಚೈನಿನ ಎಣ್ಣೆ, ಪಂಕ್ಚರ್ ಆದರೆ ಚಕ್ರ ಬಿಚ್ಚುವ ಕಷ್ಟ. ಅದಕ್ಕೇ ಎಂಜಿನ್ನನ್ನು ಹಿಂದಿನ ಚಕ್ರದ ಪಕ್ಕಕ್ಕೆ ತಂದು ಕವಚದೊಳಗೆ ಮುಚ್ಚಿಟ್ಟರು. 1946ರ ಏಪ್ರಿಲ್‌ನಲ್ಲಿ ಪೇಟೆಂಟ್ ಅರ್ಜಿ ಸಲ್ಲಿಕೆಯಾಯಿತು. ಹೆಸರು ವೆಸ್ಪಾ, ಅಂದರೆ ಇಟಾಲಿಯನ್ ಭಾಷೆಯಲ್ಲಿ ಕಣಜ.

ಇದಕ್ಕೆ ಕಾರ್ಬ್ಯುರೇಟರ್ ಒದಗಿಸಿದ್ದು ಡೆಲ್ಲೋರ್ತೋ. 1933ರಲ್ಲಿ ಶುರುವಾದ ಈ ಕಂಪನಿಯ ಕಸುಬೇ ಕಾರ್ಬ್ಯುರೇಟರ್. ಐವತ್ತರ ದಶಕದ ಕೊನೆಗೆ ವೆಸ್ಪಾ ಎಂಜಿನ್ನಿನ ಒಳರಚನೆ ಬದಲಾಯಿತು. ಪೆಟ್ರೋಲ್ ಮತ್ತು ಗಾಳಿಯ ಮಿಶ್ರಣ ಒಳಗೆ ಹೋಗುವ ಬಾಗಿಲನ್ನು ತೆರೆದು ಮುಚ್ಚುವ ಕೆಲಸ ತಿರುಗುವ ಕ್ರ್ಯಾಂಕ್ ಶಾಫ್ಟಿನ ದುಂಡು ಅಂಚಿಗೇ ಬಂತು. ಬೇರೆ ವಾಲ್ವ್ ಬೇಕಿರಲಿಲ್ಲ. ಈ ಎಂಜಿನ್ನುಗಳ ನೆತ್ತಿಯ ಮೇಲೆ ಅಡ್ಡಕ್ಕೆ ಕೂರುವಂತೆ ಮಾಡಿದ್ದೇ ಡೆಲ್ಲೋರ್ತೋದ 'ಎಸ್‌ಐ' ಸರಣಿ. 20/15, 20/17, 20/20, 24/24 ಎಂದು ಅದರ ಮೈಮೇಲೆ ಕೊರೆದಿರುವ ಅಂಕಿಗಳು ಗಂಟಲಿನ ಅಳತೆ, ಮಿಲಿಮೀಟರ್‌ಗಳಲ್ಲಿ.

ಈ ಎಂಜಿನ್ನಿನಲ್ಲಿ ಇನ್ನೊಂದು ಬದಲಾವಣೆಯೂ ಆಯಿತು. ಟೂ ಸ್ಟ್ರೋಕ್ ಎಂಜಿನ್ನಿಗೆ ಪ್ರತ್ಯೇಕ ಎಣ್ಣೆಯ ತೊಟ್ಟಿ ಇಲ್ಲ. ಪೆಟ್ರೋಲಿನಲ್ಲೇ ಬೆರೆಸಿದ ಎಣ್ಣೆ ಬೇರಿಂಗು, ಪಿಸ್ಟನ್ನುಗಳನ್ನು ತಲುಪಬೇಕು. ಮೊದಲಿನ ವೆಸ್ಪಾಗಳಿಗೆ ನೂರಕ್ಕೆ ಐದು ಪಾಲು ಎಣ್ಣೆ ಬೇಕಿತ್ತು, ಹೊಸ ಎಂಜಿನ್ನಿಗೆ ಎರಡು ಪಾಲು ಸಾಕಾಯಿತು. ಲೀಟರಿಗೆ ಇಪ್ಪತ್ತು ಮಿಲಿಲೀಟರ್. ಖರ್ಚೂ ಹೊಗೆಯೂ ಕಡಿಮೆ. ಆದರೆ ಆ ಇಪ್ಪತ್ತು ಮಿಲಿಲೀಟರ್ ಎಣ್ಣೆ ಹೋಗುವ ದಾರಿಯೂ ಕಾರ್ಬ್ಯುರೇಟರಿನ ಒಂದು ಮಿಲಿಮೀಟರ್ ತೂತೇ. ಅಲ್ಲಿ ಕಸ ಕೂತರೆ ಎಂಜಿನ್ನಿಗೆ ಪೆಟ್ರೋಲ್ ಕಡಿಮೆಯಾಗಿ ಅದು ಕಾಯುತ್ತದೆ, ಕಾಯುವ ಹೊತ್ತಿಗೇ ಎಣ್ಣೆಯೂ ಕಡಿಮೆಯಾಗುತ್ತದೆ. ಪಿಸ್ಟನ್ ಹಿಗ್ಗಿ ಸಿಲಿಂಡರನ್ನು ಕಚ್ಚಿಕೊಳ್ಳುತ್ತದೆ. ಓಡುತ್ತಿರುವ ಗಾಡಿಯ ಹಿಂದಿನ ಚಕ್ರ ಒಮ್ಮೆಲೇ ನಿಲ್ಲುತ್ತದೆ. 'ಗಾಡಿ ಸೀಜ್ ಆಯ್ತು' ಎಂಬ ಮಾತಿನ ಹಿಂದೆ ಇದ್ದದ್ದು ಇದು. ಆಗ ಕ್ಲಚ್ ಹಿಡಿಯಲು ಒಂದು ಕ್ಷಣ ತಡವಾದರೂ ಸವಾರ ರಸ್ತೆಯ ಮೇಲೆ.

ಘಾಟಿ ಇಳಿಯುವಾಗ ಆಕ್ಸಿಲರೇಟರ್ ಪೂರ್ತಿ ಮುಚ್ಚಿಕೊಂಡೇ ಇಳಿಯಬೇಡಿ, ನಡುನಡುವೆ ಒಂದಿಷ್ಟು ರೇಸ್ ಕೊಡಿ ಎಂದು ಹಳೆಯ ಮೆಕ್ಯಾನಿಕ್‌ಗಳು ಹೇಳುತ್ತಿದ್ದರು. ಎಂಜಿನ್ ಜೋರಾಗಿ ತಿರುಗುತ್ತಿದ್ದರೂ ಕಾರ್ಬ್ಯುರೇಟರ್ ಮುಚ್ಚಿರುವುದರಿಂದ ಎಣ್ಣೆ ಹೋಗುವುದಿಲ್ಲ ಎಂಬುದೇ ಅದರ ಕಾರಣ. ಖಂಡಾಲಾ ಘಾಟಿಗೂ ಆಗುಂಬೆಗೂ ಒಂದೇ ಬುದ್ಧಿಮಾತು.

ಹತ್ತು ವರ್ಷದ ಸಾಲು

ಬಜಾಜ್ ಸಂಸ್ಥೆ 1948ರಿಂದ ಸ್ಕೂಟರುಗಳನ್ನು ಆಮದು ಮಾಡಿ ಮಾರುತ್ತಿತ್ತು. 1959ರಲ್ಲಿ ಇಲ್ಲೇ ತಯಾರಿಸಲು ಸರ್ಕಾರದ ಪರವಾನಗಿ ಸಿಕ್ಕಿತು. ಪಿಯಾಜಿಯೋ ಲೈಸೆನ್ಸಿನಡಿ ಪುಣೆ ಬಳಿಯ ಆಕುರ್ಡಿಯಲ್ಲಿ ವೆಸ್ಪಾ 150 ತಯಾರಾಗತೊಡಗಿತು. ಮುಂಬೈಯ ಆಟೊಮೊಬೈಲ್ ಪ್ರಾಡಕ್ಟ್ಸ್ ಆಫ್ ಇಂಡಿಯಾ, ವೆಸ್ಪಾದ ಎದುರಾಳಿ ಲ್ಯಾಂಬ್ರೆಟ್ಟಾವನ್ನು ಹೊರತಂದಿತು. 1971ರಲ್ಲಿ ಪಿಯಾಜಿಯೋ ಜೊತೆಗಿನ ಒಪ್ಪಂದ ಮುಗಿದಾಗ ಬಜಾಜ್ ಕೈಯಲ್ಲಿ ಯಂತ್ರಗಳಿದ್ದವು, ಅಚ್ಚುಗಳಿದ್ದವು, ಕೆಲಸ ಬಲ್ಲ ಜನರಿದ್ದರು. ವೆಸ್ಪಾ ಎಂಬ ಹೆಸರು ಮಾತ್ರ ಇರಲಿಲ್ಲ. 1972ರಲ್ಲಿ, ವೆಸ್ಪಾ ಸ್ಪ್ರಿಂಟ್ ಮಾದರಿಯನ್ನು ಆಧರಿಸಿದ ಗಾಡಿ ರಾಣಾ ಪ್ರತಾಪನ ಕುದುರೆಯ ಹೆಸರು ಹೊತ್ತು ಬಂತು: ಚೇತಕ್. 1975ರಲ್ಲಿ ಸ್ಥಾಪನೆಯಾದ ಮಹಾರಾಷ್ಟ್ರ ಸ್ಕೂಟರ್ಸ್, ಪುಣೆ–ಬೆಂಗಳೂರು ಹೆದ್ದಾರಿಯ ಮೇಲಿನ ಸಾತಾರಾದಲ್ಲಿ ಪ್ರಿಯಾ ತಯಾರಿಸಿತು. ಎಂಬತ್ತರ ದಶಕದಲ್ಲಿ ಪಿಯಾಜಿಯೋ ಕಾನ್ಪುರದ ಎಲ್‌ಎಂಎಲ್ ಜೊತೆ ಕೈಜೋಡಿಸಿ ಹಿಂತಿರುಗಿತು.

ಎಷ್ಟು ಗಾಡಿ ತಯಾರಿಸಬೇಕು ಎನ್ನುವುದನ್ನು ಆಗ ಕಾರ್ಖಾನೆ ಒಂದೇ ನಿರ್ಧರಿಸುವಂತಿರಲಿಲ್ಲ. 1951ರ ಕೈಗಾರಿಕಾ ಕಾಯ್ದೆಯ ಪ್ರಕಾರ ಉತ್ಪಾದನೆಯ ಮಿತಿಗೂ ಪರವಾನಗಿ ಬೇಕು. ಬೇಡಿಕೆ ಬೆಳೆಯಿತು, ಮಿತಿ ಅಷ್ಟು ಬೇಗ ಬೆಳೆಯಲಿಲ್ಲ. ಎಪ್ಪತ್ತರ ದಶಕದಲ್ಲಿ ಬಜಾಜ್ ಗಾಡಿ ಬುಕ್ ಮಾಡಿದವರು ಹತ್ತಿರ ಹತ್ತಿರ ಹತ್ತು ವರ್ಷ ಕಾಯಬೇಕಾಯಿತು. ಮಗಳು ಹುಟ್ಟಿದಾಗ ಬುಕ್ ಮಾಡಿದರೆ ಮದುವೆಗಾದರೂ ಸಿಕ್ಕೀತು ಎಂಬ ತಮಾಷೆ ಹುಟ್ಟಿದ್ದು ಸುಮ್ಮನೆ ಅಲ್ಲ. ಸರದಿ ಬಂದು ಸಿಕ್ಕ ಹೊಸ ಗಾಡಿಯನ್ನು ಅಂದೇ ಮಾರಿದರೂ ಕೊಟ್ಟ ಬೆಲೆಗಿಂತ ಹೆಚ್ಚು ಸಿಗುತ್ತಿತ್ತು.

ವಿದೇಶಿ ವಿನಿಮಯ ಅದಕ್ಕಿಂತ ಬಿಗಿ. ಇಟಲಿಯಿಂದ ಬಿಡಿಭಾಗ ತರಿಸಲು ಡಾಲರ್ ಬೇಕು, ಡಾಲರ್ ಇಲ್ಲ. ಆದ್ದರಿಂದ ಬಿಡಿಭಾಗಗಳು ಒಂದೊಂದಾಗಿ ಇಲ್ಲೇ ತಯಾರಾಗಬೇಕಾಯಿತು. ಕಾರ್ಬ್ಯುರೇಟರ್ ಹಾಗೆ ಬಂದದ್ದೇ. ಡೆಲ್ಲೋರ್ತೋ ಲೈಸೆನ್ಸಿನಡಿ ಭಾರತದ ಸ್ಪಾಕೋ ಕಂಪನಿ ಎಸ್‌ಐ ಸರಣಿಯನ್ನು ತಯಾರಿಸಿತು. ವಿನ್ಯಾಸ ಅದೇ, ಅಳತೆ ಅದೇ, ಜೆಟ್‌ಗಳ ಸಂಖ್ಯೆಯ ಪದ್ಧತಿಯೂ ಅದೇ. ಮೈಮೇಲಿನ ಹೆಸರು ಮಾತ್ರ ಬೇರೆ.

ಸಾಲು ಹತ್ತು ವರ್ಷ ಇರುವಾಗ ಎರಕದ ಅಂಚು ತುಸು ಒರಟಾಗಿದೆ ಎಂದು ಯಾರೂ ಗಾಡಿ ವಾಪಸು ಕೊಡುವುದಿಲ್ಲ. ಚೆನ್ನಾಗಿ ಉಜ್ಜಿ ನಯ ಮಾಡಿದರೆ ಒಂದು ಗಿರಾಕಿಯೂ ಹೆಚ್ಚುವುದಿಲ್ಲ, ಮಾಡದಿದ್ದರೆ ಒಂದೂ ಕಡಿಮೆಯಾಗುವುದಿಲ್ಲ. ಇಂಥ ಮಾರುಕಟ್ಟೆಯಲ್ಲಿ ಕಾರ್ಖಾನೆಯ ಕೆಲಸ 'ನಡೆಯುವಷ್ಟು ಸರಿ' ಎಂಬಲ್ಲಿಗೆ ನಿಲ್ಲುವುದು ಸಹಜ. ಮೂಲ ಬಿಡಿಭಾಗ ಸಿಗದಿದ್ದಾಗ ದೆಹಲಿಯ ಕಾಶ್ಮೀರಿ ಗೇಟ್, ಚೆನ್ನೈನ ಪುದುಪೇಟೆ, ಬೆಂಗಳೂರಿನ ಜೆ.ಸಿ. ರಸ್ತೆಯ ಅಂಗಡಿಗಳಲ್ಲಿ ಹೆಸರಿಲ್ಲದ ನಕಲುಗಳೂ ಸಿಕ್ಕವು. 'ಒರಿಜಿನಲ್ಲಾ, ಲೋಕಲ್ಲಾ?' ಎಂಬ ಪ್ರಶ್ನೆ ಕೌಂಟರಿನ ಮೊದಲ ಮಾತಾಯಿತು. ಇಲ್ಲಿಂದ ಮುಂದಿನ ಕೆಲಸ ರಸ್ತೆ ಬದಿಯ ಗ್ಯಾರೇಜಿಗೆ ಬಂತು.

ಗಾಜಿನ ತುಂಡು, ಎಮರಿ ಕಾಗದ

ಅಗ್ಗದ ಕಾರ್ಬ್ಯುರೇಟರ್ ಕೈಗೆ ಬಂದಾಗ ಅನುಭವಸ್ಥ ಮೆಕ್ಯಾನಿಕ್ ಅದನ್ನು ನೇರವಾಗಿ ಗಾಡಿಗೆ ಹಾಕುವುದಿಲ್ಲ. ಮೊದಲು ತಿರುಗಿಸಿ ತಳ ನೋಡುತ್ತಾನೆ. ತಳ ಸಮವಾಗಿರಬೇಕು, ಗ್ಯಾಸ್ಕೆಟ್ ಮೇಲೆ ಪೂರ್ತಿ ಕೂರಬೇಕು. ಕೂದಲೆಳೆಯಷ್ಟು ಸಂದು ಇದ್ದರೂ ಅಲ್ಲಿಂದ ಲೆಕ್ಕಕ್ಕೆ ಸಿಗದ ಗಾಳಿ ಒಳಗೆ ಹೋಗುತ್ತದೆ. ಜೆಟ್ ಎಷ್ಟೇ ಸರಿಯಿದ್ದರೂ ಮಿಶ್ರಣ ತೆಳುವಾಗುತ್ತದೆ. ಎರಡು ಬೋಲ್ಟುಗಳನ್ನು ವಿಪರೀತ ಬಿಗಿ ಮಾಡಿದರೆ ಮೆತ್ತನೆಯ ಲೋಹದ ಮೈ ಬಾಗುವುದೂ ಉಂಟು. ಆದ್ದರಿಂದ ಹೊಸದಕ್ಕೂ ಹಳೆಯದಕ್ಕೂ ಪರೀಕ್ಷೆ ಒಂದೇ. ದಪ್ಪ ಗಾಜಿನ ಮೇಲೆ ನಯವಾದ ಎಮರಿ ಕಾಗದ ಹಾಸಿ, ಒಂದು ಹನಿ ಎಣ್ಣೆ ಬಿಟ್ಟು, ತಳವನ್ನು ಎಂಟರ ಆಕಾರದಲ್ಲಿ ತಿಕ್ಕುವುದು. ಹತ್ತು ಸುತ್ತಿಗೆ ಎತ್ತಿ ನೋಡಿದರೆ ಹೊಳೆಯುವ ಜಾಗ ಎತ್ತರ, ಮಂಕಾಗಿರುವ ಜಾಗ ತಗ್ಗು. ಇಡೀ ತಳ ಒಂದೇ ಬಣ್ಣಕ್ಕೆ ಬರುವವರೆಗೆ ಕೆಲಸ ನಡೆಯುತ್ತದೆ. ಗಾಜೇ ಏಕೆ? ರಸ್ತೆ ಬದಿಯಲ್ಲಿ ಪುಕ್ಕಟೆ ಸಿಗುವ, ಅಷ್ಟು ಚಪ್ಪಟೆಯಾದ ವಸ್ತು ಬೇರೆ ಇಲ್ಲ.

ಆಮೇಲೆ ಒಳಗಿನ ತೂತುಗಳು. ಲೋಹ ಕೊರೆಯುವಾಗ ಅಂಚಿನಲ್ಲಿ ಉಳಿಯುವ ಚೂರು ಇವತ್ತು ಅಲ್ಲೇ ಇರಬಹುದು, ನಾಳೆ ಕಿತ್ತು ಜೆಟ್ಟಿಗೆ ಅಡ್ಡ ಕೂರಬಹುದು. ಎಲ್ಲ ಜೆಟ್ ಬಿಚ್ಚಿ, ಪ್ರತಿ ದಾರಿಯನ್ನೂ ಪೆಟ್ರೋಲಿನಲ್ಲಿ ತೊಳೆದು ಗಾಳಿ ಊದಬೇಕು. ಕಂಪ್ರೆಸರ್ ಇಲ್ಲದಿದ್ದರೆ ಸೈಕಲ್ ಪಂಪು, ಅದೂ ಇಲ್ಲದಿದ್ದರೆ ಬಾಯಿ. ಜೆಟ್ಟಿನೊಳಗೆ ತಂತಿ ತೂರಿಸುವುದು ಬಹಳ ಕಡೆ ಇದ್ದ ಕೆಟ್ಟ ಅಭ್ಯಾಸ. ಜೆಟ್ ಮೇಲಿನ ಸಂಖ್ಯೆ ಮಿಲಿಮೀಟರಿನ ನೂರನೇ ಒಂದು ಭಾಗದ ಲೆಕ್ಕ: 100 ಅಂದರೆ ಸರಿಯಾಗಿ ಒಂದು ಮಿಲಿಮೀಟರ್, 102 ಅಂದರೆ 1.02. ಹಿತ್ತಾಳೆ ಮೆದು, ತಂತಿ ಒಮ್ಮೆ ಗೀರಿದರೂ ಅಳತೆ ಕೆಡುತ್ತದೆ. ನಂತರ ಜೆಟ್ ಮೇಲಿನ ಸಂಖ್ಯೆ ಸುಳ್ಳು ಹೇಳುತ್ತದೆ. ಬಲ್ಲವರು ಮೀನು ಹಿಡಿಯುವ ನೈಲಾನ್ ದಾರ ಬಳಸುತ್ತಾರೆ.

ಮೂರನೆಯದು ಬಟ್ಟಲು. ಅದರೊಳಗೆ ತೇಲುವ ಫ್ಲೋಟ್, ಪೆಟ್ರೋಲ್ ಸಾಕಷ್ಟು ತುಂಬಿದಾಗ ಮೇಲೆದ್ದು ಒಂದು ಮೊನೆಯಿಂದ ದಾರಿ ಮುಚ್ಚುತ್ತದೆ. ಮೊನೆ ಸರಿಯಾಗಿ ಕೂರದಿದ್ದರೆ ರಾತ್ರಿಯಿಡೀ ಪೆಟ್ರೋಲ್ ಹನಿ ಹನಿಯಾಗಿ ಎಂಜಿನ್ನಿಗೆ ಇಳಿಯುತ್ತದೆ. ಬೆಳಿಗ್ಗೆ ಪ್ಲಗ್ ಒದ್ದೆ, ಎಷ್ಟು ಕಿಕ್ ಹೊಡೆದರೂ ಗಾಡಿ ಹತ್ತುವುದಿಲ್ಲ. ಗಾಡಿ ನಿಲ್ಲಿಸಿದ ತಕ್ಷಣ ಸೀಟಿನ ಕೆಳಗಿನ ಪೆಟ್ರೋಲ್ ಕಾಕ್ ಬಂದ್ ಮಾಡುವ ಅಭ್ಯಾಸ ಒಂದು ಪೀಳಿಗೆಯ ಕೈಗೆ ಅಂಟಿದ್ದು ಇದರಿಂದ. ಇದರ ಪರೀಕ್ಷೆಗೂ ಉಪಕರಣ ಬೇಡ. ಫ್ಲೋಟ್ ಇರುವ ಭಾಗವನ್ನು ತಲೆಕೆಳಗೆ ಹಿಡಿದರೆ ಫ್ಲೋಟಿನ ಭಾರಕ್ಕೆ ಮೊನೆ ಕೂರುತ್ತದೆ. ಪೈಪು ಸಿಕ್ಕಿಸಿ ಬಾಯಿಂದ ಊದಿದರೆ ಗಾಳಿ ಹೋಗಬಾರದು.

ನಾಲ್ಕನೆಯದು ಸ್ಲೈಡ್, ಅಂದರೆ ಆಕ್ಸಿಲರೇಟರ್ ತಿರುವಿದಾಗ ಗಂಟಲು ತೆರೆಯುವ ಬಾಗಿಲು. ಎಲ್ಲೂ ತಡೆಯದೆ ಜಾರಿ ತೆರೆದು, ಬಿಟ್ಟಾಗ ತಾನಾಗಿ ಮುಚ್ಚಬೇಕು. ಗೀರಿದರೆ ಎಮರಿ ಕಾಗದದಿಂದ ಅಂಚು ಸವರುತ್ತಾರೆ, ಹೆಚ್ಚು ಸವರಿದರೆ ಸಡಿಲವಾಗಿ ಅಲ್ಲೂ ಗಾಳಿ ನುಗ್ಗುತ್ತದೆ. ಕೊನೆಗೆ ಕಾರ್ಬ್ಯುರೇಟರಿನ ಗಂಟಲು, ಗ್ಯಾಸ್ಕೆಟ್, ಎಂಜಿನ್ನಿನ ಬಾಯಿ ಮೂರೂ ಒಂದರ ಮೇಲೊಂದು ಸರಿಯಾಗಿ ಕೂತಿವೆಯೇ ಎಂದು ನೋಡುವುದು. ನಡುವೆ ಮೆಟ್ಟಿಲಿನಂಥ ಅಂಚು ಇದ್ದರೆ ಅರದಿಂದ ಉಜ್ಜಿ ಇಳಿಸುವುದು.

ಇಷ್ಟಾದ ಮೇಲೆ ಶುರುವಾಗುವುದು ಟ್ಯೂನಿಂಗ್. ಮಿಶ್ರಣದ ಸ್ಕ್ರೂವನ್ನು ಮೆಲ್ಲಗೆ ತಳ ಮುಟ್ಟಿಸಿ, ಸುಮಾರು ಒಂದೂವರೆ ಸುತ್ತು ಹಿಂದಕ್ಕೆ ತಿರುಗಿಸಿ, ಎಂಜಿನ್ ಬಿಸಿಯಾದ ಮೇಲೆ ಕಿವಿಗೊಟ್ಟು ಹೆಚ್ಚು ಕಡಿಮೆ ಮಾಡುವುದು. ಗಾಡಿ ಒಂದು ಸುತ್ತು ಹೋಗಿ ಬಂದ ಮೇಲೆ ಪ್ಲಗ್ ಬಿಚ್ಚಿ ಬಣ್ಣ ನೋಡುವುದು. ಬಿಸ್ಕತ್ತಿನ ಬಣ್ಣ ಇದ್ದರೆ ಸರಿ. ಕಪ್ಪು ಮಸಿ ಇದ್ದರೆ ಪೆಟ್ರೋಲ್ ಹೆಚ್ಚು. ಬೆಳ್ಳಗೆ ಸುಟ್ಟಂತಿದ್ದರೆ ಪೆಟ್ರೋಲ್ ಕಡಿಮೆ, ಎಂಜಿನ್ ಅಪಾಯದಲ್ಲಿದೆ.

ಕೆಮ್ಮು, ಮಿಸ್ಸಿಂಗ್, ಕಸ

ಈ ವಿದ್ಯೆಗೆ ಪಠ್ಯ ಇರಲಿಲ್ಲ, ಮಾತು ಇತ್ತು. 'ಕಾರ್ಬ್ಯುರೇಟರ್' ಎಂಬ ಪದದ ಮೂಲ ಅರ್ಥ ಇಂಗಾಲದೊಂದಿಗೆ ಬೆರೆಸುವುದು. ಗ್ಯಾರೇಜಿನಲ್ಲಿ ಅದು 'ಕಾರ್ಬೋರೇಟರ್' ಆಗಿ, 'ಕಾರ್ಬೇಟರ್' ಆಗಿ ನಾಲಿಗೆಗೆ ಒಗ್ಗಿತು. ಗಾಡಿಯ ರೋಗವನ್ನು ಹೇಳಲು ಮನುಷ್ಯರ ರೋಗದ ಮಾತುಗಳು ಬಂದವು. 'ಕೆಮ್ತಿದೆ' ಅಂದರೆ ಮಿಶ್ರಣ ತೆಳು. 'ಮಿಸ್ಸಿಂಗ್ ಹೊಡೀತಿದೆ' ಅಂದರೆ ಕಿಡಿ ಅಥವಾ ಪೆಟ್ರೋಲ್ ನಡುನಡುವೆ ತಪ್ಪುತ್ತಿದೆ. 'ಎಳೀತಿಲ್ಲ', 'ಪಿಕಪ್ ಇಲ್ಲ' ಎಂದರೆ ಮೇನ್ ಜೆಟ್ ಮೇಲೆ ಅನುಮಾನ. 'ತಾನೇ ರೇಸ್ ಆಗ್ತಿದೆ' ಅಂದರೆ ಎಲ್ಲೋ ಗಾಳಿ ನುಗ್ಗುತ್ತಿದೆ, ತಳದ ಗ್ಯಾಸ್ಕೆಟ್ ನೋಡಬೇಕು. ಬೆಂಗಳೂರಿನ ಮೆಕ್ಯಾನಿಕ್ 'ಕಸ ಕೂತಿದೆ ಸಾರ್' ಎಂದರೆ, ಪುಣೆ ಮುಂಬೈಗಳಲ್ಲಿ ಅದೇ ರೋಗಕ್ಕೆ 'ಕಚ್ರಾ' ಎಂದು ಹೆಸರು.

ಇದನ್ನು 'ಜುಗಾಡ್' ಎಂದು ಕರೆಯುವ ರೂಢಿ ಇದೆ. ಆ ಮಾತು ಇಲ್ಲಿಗೆ ಹೊಂದುವುದಿಲ್ಲ. ಜುಗಾಡ್ ಎಂದರೆ ಇಲ್ಲದ್ದರ ಬದಲಿಗೆ ಹೇಗೋ ಹೊಂದಿಸಿಕೊಳ್ಳುವುದು. ತಳ ಸಮ ಮಾಡುವುದು, ತೂತಿನ ಅಂಚು ಸವರುವುದು, ಮೊನೆ ಕೂರಿಸುವುದು ಹೊಂದಾಣಿಕೆಯಲ್ಲ. ಇವು ತಯಾರಿಕೆಯ ಕೊನೆಯ ಹಂತಗಳು. ಬೇರೆ ದೇಶದಲ್ಲಿ ಕಾರ್ಖಾನೆಯೊಳಗೆ, ಸಂಬಳದ ಮೇಲೆ, ತಪಾಸಣೆಯ ಮೇಜಿನ ಮುಂದೆ ಆಗುವ ಕೆಲಸ ಇಲ್ಲಿ ಬೇವಿನ ಮರದ ಕೆಳಗೆ ನಡೆಯಿತು. ಅದರ ಖರ್ಚನ್ನು ಗಿರಾಕಿ 'ಸರ್ವೀಸಿಂಗ್' ಎಂಬ ಹೆಸರಿನಲ್ಲಿ ಕಂತು ಕಂತಾಗಿ ಕೊಟ್ಟ. ಅಗ್ಗದ ಕಾರ್ಬ್ಯುರೇಟರ್ ಅಗ್ಗವಾಗಿದ್ದರಲ್ಲಿ ಮೆಕ್ಯಾನಿಕ್‌ನ ಅಗ್ಗದ ಶ್ರಮದ ಪಾಲೂ ಇದೆ. 1989ರ 'ಹಮಾರಾ ಬಜಾಜ್' ಜಾಹೀರಾತು ದೇಶದ ಹೆಮ್ಮೆಯನ್ನು ಸ್ಕೂಟರ್ ಮೇಲೆ ಕೂರಿಸಿತು. ಆ ಸ್ಕೂಟರನ್ನು ಪ್ರತಿದಿನ ಓಡುವ ಸ್ಥಿತಿಯಲ್ಲಿ ಇಟ್ಟಿದ್ದು ಬಹುಪಾಲು ಈ ಕೈಗಳು.

ಮರಳಿ ಯುರೋಪಿಗೆ

ಕಥೆ ಆಮೇಲೆ ತಿರುಗಿತು. ಪಿಯಾಜಿಯೋ ಮತ್ತು ಎಲ್‌ಎಂಎಲ್ ಬೇರೆಯಾದ ಮೇಲೆ ಕಾನ್ಪುರದ ಗಾಡಿಗಳು ವಿದೇಶಕ್ಕೆ ಹೊರಟವು. ಅಮೆರಿಕದಲ್ಲಿ ಅವು 'ಸ್ಟೆಲ್ಲಾ', ಯುರೋಪಿನಲ್ಲಿ 'ಸ್ಟಾರ್'. ಹಳೆಯ ವೆಸ್ಪಾಗಳನ್ನು ಮತ್ತೆ ಓಡಿಸುವ ಹವ್ಯಾಸಿಗಳಿಗೆ ಭಾರತದ ಸ್ಪಾಕೋ, ಇಟಲಿಯ ಡೆಲ್ಲೋರ್ತೋಗಿಂತ ಕಡಿಮೆ ಬೆಲೆಗೆ ಸಿಗತೊಡಗಿತು. ಡಬ್ಬಿಯಿಂದ ತೆಗೆದ ಕೂಡಲೇ ಹಾಕಬೇಡಿ, ಮೊದಲು ತಳ ನೋಡಿ, ತೂತು ನೋಡಿ, ಮೊನೆ ನೋಡಿ ಎಂಬ ಸಲಹೆ ಅವರ ನಡುವೆಯೂ ಹುಟ್ಟಿತು. ಗಾಜು, ಎಮರಿ ಕಾಗದ, ಎಂಟರ ಆಕಾರ ಎಲ್ಲವೂ ಅಲ್ಲೂ ಅವೇ. ಅಲ್ಲಿ ಅದು ಭಾನುವಾರದ ಹವ್ಯಾಸ, ಇಲ್ಲಿ ಅದು ಹೊಟ್ಟೆಪಾಡು.

ಅಷ್ಟು ಹೊತ್ತಿಗೆ ಇಲ್ಲಿ ಹೊಟ್ಟೆಪಾಡು ಬದಲಾಗುತ್ತಿತ್ತು. ಎಣ್ಣೆ ಸುಡುವ ಟೂ ಸ್ಟ್ರೋಕ್ ಹೊಗೆಯ ಮೇಲೆ ಸರ್ಕಾರದ, ನ್ಯಾಯಾಲಯದ ಕಣ್ಣು ಬಿತ್ತು. 1998ರಲ್ಲಿ ಸುಪ್ರೀಂ ಕೋರ್ಟ್ ದೆಹಲಿಯಲ್ಲಿ ಬಿಡಿ ಟೂ-ಟಿ ಎಣ್ಣೆಯ ಮಾರಾಟ ನಿಲ್ಲಿಸಲು ಆದೇಶಿಸಿತು, ಅಳತೆ ಮಾಡಿ ಬೆರೆಸಿದ ಪೆಟ್ರೋಲೇ ಬೇಕೆಂದಿತು. 2000ದಲ್ಲಿ ಹೊಸ ಹೊಗೆ ನಿಯಮಗಳು ಬಂದವು. ಗೇರ್ ಇಲ್ಲದ ಫೋರ್ ಸ್ಟ್ರೋಕ್ ಸ್ಕೂಟರುಗಳು ಮನೆಮನೆಗೆ ಬಂದವು. 2009ರ ಡಿಸೆಂಬರಿನಲ್ಲಿ ಬಜಾಜ್ ಸ್ಕೂಟರ್ ತಯಾರಿಕೆಯನ್ನೇ ನಿಲ್ಲಿಸುವುದಾಗಿ ಹೇಳಿತು. 2020ರ ಏಪ್ರಿಲ್‌ನಿಂದ ಬಿಎಸ್-6 ನಿಯಮ ಜಾರಿಯಾದಾಗ ಹೊಸ ಗಾಡಿಗಳಲ್ಲಿ ಕಾರ್ಬ್ಯುರೇಟರಿನ ಜಾಗಕ್ಕೆ ಸೆನ್ಸರ್, ಇಂಜೆಕ್ಟರ್‌ಗಳು ಬಂದವು. ಅದೇ ವರ್ಷದ ಜನವರಿಯಲ್ಲಿ ಚೇತಕ್ ಹೆಸರು ಪುಣೆ ಮತ್ತು ಬೆಂಗಳೂರಿನ ರಸ್ತೆಗೆ ಮರಳಿತ್ತು, ವಿದ್ಯುತ್ ಗಾಡಿಯಾಗಿ. ಅದಕ್ಕೆ ಗಂಟಲೂ ಇಲ್ಲ, ಕೆಮ್ಮೂ ಇಲ್ಲ.

ಉಳಿದಿರುವ ಹಳೆಯ ಗಾಡಿಗಳಿಗೆ ಈಗ ಹೊಸ ಸಮಸ್ಯೆ ಬಂದಿದೆ. ಶುದ್ಧ ಪೆಟ್ರೋಲ್ ಒಂದು ಪಾಲಿಗೆ ತೂಕದ ಲೆಕ್ಕದಲ್ಲಿ 14.7 ಪಾಲು ಗಾಳಿ ಬೇಕು. ಎಥೆನಾಲಿಗೆ ಸುಮಾರು 9 ಸಾಕು. ಇಪ್ಪತ್ತು ಪಾಲು ಎಥೆನಾಲ್ ಬೆರೆತ ಇಂಧನಕ್ಕೆ ಆ ಅಂಕಿ ಸುಮಾರು 13.5ಕ್ಕೆ ಇಳಿಯುತ್ತದೆ. ಅಂದರೆ ಹಳೆಯ ಜೆಟ್ ಹಾಗೇ ಇದ್ದರೆ ಮಿಶ್ರಣ ಸುಮಾರು ಎಂಟು ಪಾಲು ತೆಳುವಾಗುತ್ತದೆ. ಕಾಗದದ ಲೆಕ್ಕದಲ್ಲಿ 100ರ ಜೆಟ್ ಇದ್ದಲ್ಲಿ 104 ಬೇಕು. ಗಾಡಿಯ ಮೇಲೆ ಅದು 102 ಆಗಬಹುದು, 105 ಆಗಬಹುದು, ಪ್ಲಗ್ ಬಣ್ಣ ನೋಡಿಯೇ ಹೇಳಬೇಕು. ಎಥೆನಾಲ್ ತೇವ ಎಳೆದುಕೊಳ್ಳುತ್ತದೆ, ಹಳೆಯ ರಬ್ಬರನ್ನು ಉಬ್ಬಿಸುತ್ತದೆ. ಮೊನೆ, ವಾಷರ್, ಪೈಪು ಎಲ್ಲವನ್ನೂ ಮತ್ತೆ ನೋಡಬೇಕು.

ಅಪ್ಪನ ಚೇತಕ್ಕನ್ನು ಮಾರಲು ಮನಸ್ಸಾಗದೆ ಅಪಾರ್ಟ್‌ಮೆಂಟಿನ ನೆಲಮಾಳಿಗೆಯಲ್ಲಿ ಇಟ್ಟುಕೊಂಡವರು ಪ್ರತಿ ಊರಿನಲ್ಲೂ ಇದ್ದಾರೆ. ಕಾರ್ಬ್ಯುರೇಟರ್ ಇವತ್ತೂ ಕೆಲವು ಸಾವಿರ ರೂಪಾಯಿಗೆ ಸಿಗುತ್ತದೆ. ಅದರ ತಳವನ್ನು ಗಾಜಿನ ಮೇಲೆ ತಿಕ್ಕಿ, ಎತ್ತಿ, ಬೆಳಕಿಗೆ ಹಿಡಿದು, ಇನ್ನೂ ನಾಲ್ಕು ಸುತ್ತು ಬೇಕು ಎಂದು ಹೇಳಬಲ್ಲ ಮನುಷ್ಯನಿಗೆ ಈಗ ಅರವತ್ತು ದಾಟಿದೆ. ಅವನ ಮಗ ಲ್ಯಾಪ್‌ಟಾಪ್ ಸಿಕ್ಕಿಸಿ ಗಾಡಿಯ ದೋಷ ಓದುತ್ತಾನೆ. ಅದೂ ಒಳ್ಳೆಯ ವಿದ್ಯೆಯೇ. ಆದರೆ ನೆಲಮಾಳಿಗೆಯ ಆ ಗಾಡಿಗೆ ಲ್ಯಾಪ್‌ಟಾಪ್ ಸಿಕ್ಕಿಸುವ ಜಾಗವಿಲ್ಲ.